ಕಲ್ಲಿನ ಜೊತೆಗೊಂದು ಹೊಲ

ಭದ್ರಾವತಿಯ ನ್ಯೂಟೌನಿನ ನಮ್ಮ ಬೀದಿಯಲ್ಲಿ ಒಬ್ಬರು ನಿವೃತ್ತ ಸುಬೇದಾರರಿದ್ದಾರೆ. ಹೆಸರು ಹಿಡಿದು ಅವರನ್ನು ಯಾರೂ ಕರೆಯುವುದಿಲ್ಲ. ದೊಡ್ಡವರಿಗೂ ಚಿಕ್ಕವರಿಗೂ ಅವರು ಮಿಲಿಟ್ರಿ ಮಾವ. ಸೈನ್ಯದಿಂದ ಬಂದ ಮೇಲೆ ಹನ್ನೆರಡು ವರ್ಷ ಕಾರ್ಖಾನೆಯೊಂದರ ಗೇಟು ಕಾದರು. ಈಗ ಮಾಜಿ ಸೈನಿಕರ ಸಂಘದ ಓಡಾಟವೇ ಅವರಿಗೆ ಮೂರನೆಯ ನೌಕರಿ. ನಾನು ವೀರಗಲ್ಲುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆಂದು ಅಮ್ಮ ಹೇಳಿದಾಗ ಅವರು ಒಂದು ಗಳಿಗೆ ಸುಮ್ಮನಿದ್ದು ಕೇಳಿದರು: “ಸತ್ತೋನ ಮನೆಯೋರಿಗೆ ಏನು ಕೊಟ್ರು ಅಂತ ಆ ಕಲ್ಲಲ್ಲಿ ಬರ್ದಿರ್ತಾರಾ, ಪುಟ್ಟಿ?”

ನಾನು ಹೋದ ಯಾವ ಸೆಮಿನಾರಿನಲ್ಲೂ ಈ ಪ್ರಶ್ನೆ ಬಂದಿರಲಿಲ್ಲ. ಲಿಪಿ ಯಾವ ಶತಮಾನದ್ದು, ಕೆತ್ತನೆ ಯಾವ ಶೈಲಿಯದ್ದು, ಆಗ ಆಳುತ್ತಿದ್ದ ಅರಸು ಯಾರು ಎಂದು ಕೇಳುತ್ತಾರೆ. ಮನೆಯವರ ಗತಿ ಏನಾಯಿತು ಎಂದು ಕೇಳುವುದಿಲ್ಲ. “ಕೆಲವು ಕಲ್ಲಲ್ಲಿ ಬರ್ದಿರ್ತಾರೆ ಮಾವ” ಎಂದೆ. “ಹಂಗಾದ್ರೆ ಅದನ್ನ ಮೊದ್ಲು ಓದು” ಎಂದರು. ಈ ಬರಹ ಹಾಗೆ ಓದಲು ಹೊರಟ ಪ್ರಯತ್ನ.

*

ಪ್ರತಿವರ್ಷ ಜುಲೈ 26ರಂದು, ಕಾರ್ಗಿಲ್ ವಿಜಯದ ದಿನ, ಶಿವಮೊಗ್ಗದ ಸೈನಿಕ ಪಾರ್ಕಿನಲ್ಲಿ ಮಾಜಿ ಸೈನಿಕರು ಸೇರುತ್ತಾರೆ. ಮಲೆನಾಡಿನಲ್ಲಿ ಅದು ಮಳೆ ಬಿಡದ ಕಾಲ. ಕೊಡೆಗಳ ಕೆಳಗೆ ಇಸ್ತ್ರಿ ಹಾಕಿದ ಕೋಟುಗಳು, ಎದೆಯ ಮೇಲೆ ಪದಕಗಳು. ಹೂಗುಚ್ಛ ಇಡುತ್ತಾರೆ, ಮೌನ ಆಚರಿಸುತ್ತಾರೆ, ಭಾಷಣಗಳಾಗುತ್ತವೆ, ಶಾಲಾ ಮಕ್ಕಳು ಹಾಡುತ್ತಾರೆ. 1999ರ ಆ ಯುದ್ಧದಲ್ಲಿ ದೇಶ 527 ಸೈನಿಕರನ್ನು ಕಳೆದುಕೊಂಡಿತು. ಒಂದು ಬೆಳಗಿನ ಮಟ್ಟಿಗೆ ಊರು ಅವರನ್ನು ನೆನೆಯುತ್ತದೆ. ಮಾವನ ಜೊತೆ ನಾನೂ ಒಮ್ಮೆ ಹೋಗಿದ್ದೆ. ಸಭೆ ಮುಗಿದು ಜನ ಚದುರಿದ ಮೇಲೆ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಾಲ್ಕೈದು ಹೆಂಗಸರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಕಾಗದಗಳನ್ನು ತೆಗೆದು ಸಂಘದವರ ಸುತ್ತ ನೆರೆದರು. ಪಿಂಚಣಿ ಬ್ಯಾಂಕಿಗೆ ಬಂದಿಲ್ಲ, ಮಗಳ ಹೆಸರು ಸೇರಿಲ್ಲ, ಆಸ್ಪತ್ರೆಯ ಕಾರ್ಡು ಆಗಿಲ್ಲ. ಅಂದು ಪಾರ್ಕಿನಲ್ಲಿ ನಡೆದ ಎರಡನೆಯ ಕಾರ್ಯಕ್ರಮ ಅದು. ಅದಕ್ಕೆ ಆಮಂತ್ರಣ ಪತ್ರಿಕೆಯೂ ಇರಲಿಲ್ಲ, ಮೈಕೂ ಇರಲಿಲ್ಲ.

ಅಲ್ಲಿಂದ ನಾನು ಕೋಟೆ ರಸ್ತೆಗೆ ಹೋದೆ. ತುಂಗೆಯ ದಡಕ್ಕೆ ಹತ್ತಿರದಲ್ಲೇ ಶಿವಪ್ಪನಾಯಕನ ಅರಮನೆಯಿದೆ. ಹೆಸರು ಕೆಳದಿಯ ದೊರೆಯದು, ಈಗ ನಿಂತಿರುವ ಕಟ್ಟಡದ ಲಕ್ಷಣ ಹೈದರಾಲಿಯ ಕಾಲದ್ದು. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಅದರ ಅಂಗಳದ ಹುಲ್ಲಿನ ಮೇಲೆ ಜಿಲ್ಲೆಯ ಬೇರೆ ಬೇರೆ ಊರುಗಳಿಂದ ತಂದ ವೀರಗಲ್ಲು, ಮಾಸ್ತಿಗಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಸೈನಿಕ ಪಾರ್ಕಿನಿಂದ ನೇರವಾಗಿ ಬಂದದ್ದಕ್ಕೋ ಏನೋ, ಅಂದು ಅದು ನನಗೆ ವಸ್ತುಸಂಗ್ರಹಾಲಯದ ಹಾಗೆ ಕಾಣಲಿಲ್ಲ. ಇದೂ ಮಡಿದವರ ಉದ್ಯಾನವೇ. ಹೂಗುಚ್ಛ ಇಡುವವರು ಮಾತ್ರ ಇಲ್ಲ.

*

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಪಟ್ಟಿಕೆಗಳು. ಕೆಳಗೆ ಕಾಳಗ: ಬಿಲ್ಲು, ಕತ್ತಿ, ಕುದುರೆ, ಕೆಲವು ಕಡೆ ಹಸುಗಳ ಸಾಲು. ನಡುವೆ ಅಪ್ಸರೆಯರು ವೀರನನ್ನು ಎರಡೂ ಕಡೆ ಹಿಡಿದು ಮೇಲಕ್ಕೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಎದುರು ಕುಳಿತಿದ್ದಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅವರಿರುವ ತನಕ ಇವನ ಹೆಸರೂ ಇರಲಿ ಎಂಬ ಹಾರೈಕೆ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಶಾಸನವಿರುತ್ತದೆ. ಎಷ್ಟೋ ಕಲ್ಲುಗಳಲ್ಲಿ ಅದೂ ಇರುವುದಿಲ್ಲ.

ಈ ಜಿಲ್ಲೆಯಲ್ಲಿ, ಅದರಲ್ಲೂ ಶಿಕಾರಿಪುರ ಮತ್ತು ಸೊರಬದ ಕಡೆ, ಇಂಥ ಕಲ್ಲುಗಳು ಊರೂರಿಗೆ ಸಿಗುತ್ತವೆ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ಹೊರತಂದಾಗ ಶಿವಮೊಗ್ಗ ಜಿಲ್ಲೆಯ ಶಾಸನಗಳಿಗೇ ಎರಡು ಸಂಪುಟ ಬೇಕಾದವು, ಒಂದು 1902ರಲ್ಲಿ, ಇನ್ನೊಂದು 1904ರಲ್ಲಿ. ಅವುಗಳ ಪುಟ ತಿರುವಿದರೆ ರಾಜರ ದಾನಗಳ ನಡುನಡುವೆ ಸಾಮಾನ್ಯರ ಸಾವುಗಳು ಎದುರಾಗುತ್ತವೆ. ಹೀಗೆ ಸತ್ತವರೆಲ್ಲ ಸೈನ್ಯದ ಸಂಬಳದವರಲ್ಲ. ಊರಿನ ದನ ಹೊಡೆದುಕೊಂಡು ಹೋಗುವವರನ್ನು ಅಟ್ಟಿಸಿಕೊಂಡು ಹೋದವನಿದ್ದಾನೆ, ಹುಲಿ ಹಂದಿಗಳ ಜೊತೆ ಸೆಣಸಿ ಸತ್ತವನಿದ್ದಾನೆ.

ಶಾಸನಗಳು ಸಾವನ್ನು ಬರೀ ಸಾವೆಂದು ಬಿಡುವುದಿಲ್ಲ, ಅದು ಯಾವ ಬಗೆಯದೆಂದು ಹೆಸರಿಸುತ್ತವೆ. ದನಗಳಿಗಾಗಿ ನಡೆದದ್ದು ತುರುಗೊಳ್. ಹೆಂಗಸರ ಮೊರೆ ಕೇಳಿ ಧಾವಿಸಿ ಹೋರಾಡಿದ್ದು ಪೆಣ್ಬುಯ್ಯಲ್. ಊರಿಗೇ ಊರು ಹಾಳಾಗುವಾಗ ತಡೆಯಲು ನಿಂತದ್ದು ಊರಳಿವು. ಇವು ನಮಗೆ ಪರೀಕ್ಷೆಗೆ ಬಾಯಿಪಾಠ ಮಾಡಿದ ಪಾರಿಭಾಷಿಕ ಪದಗಳು. ಅಂದಿನ ಊರಿಗೆ ಅವು ಲೆಕ್ಕದ ಪದಗಳೂ ಆಗಿದ್ದವು. ಯಾರಿಗಾಗಿ ಸತ್ತ ಎಂಬುದು ತೀರ್ಮಾನವಾದರೆ, ಸತ್ತವನ ಮನೆಗೆ ಯಾರು ಋಣಿ ಎಂಬುದೂ ತೀರ್ಮಾನವಾಗುತ್ತದೆ.

ಆ ಋಣಕ್ಕೂ ಕನ್ನಡದಲ್ಲಿ ಹೆಸರುಗಳಿವೆ. ವೀರನಿಗಾಗಿ, ಕಲ್ಲಿನ ಜೊತೆಗೆ ಬಿಟ್ಟ ಭೂಮಿ ಕಲ್ನಾಡು. ಚೆಲ್ಲಿದ ರಕ್ತಕ್ಕೆ ಕೊಟ್ಟ ಭೂಮಿ ನೆತ್ತರುಗೊಡಗೆ. ಕತ್ತಿಯನ್ನು ತೊಳೆದು ಗೌರವಿಸಿ ಕೊಟ್ಟದ್ದು ಬಾಳ್ಗಚ್ಚು. ಬಾಳ್ ಎಂದರೆ ಕತ್ತಿ. ದೀರ್ಘಕಾಲ ಕನ್ನಡದ ಮೊದಲ ಶಾಸನವೆಂದು ನಾವೆಲ್ಲ ಓದಿಕೊಂಡು ಬಂದ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು ಈ ಕಣ್ಣಿನಿಂದ ನೋಡಬೇಕು. ಅದು ಸುಮಾರು ಕ್ರಿ.ಶ. 450ರದ್ದು. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದಂದಿನಿಂದ ನಮ್ಮ ಚರ್ಚೆ ಬಹುಪಾಲು ಭಾಷೆಯ ವಯಸ್ಸಿನ ಸುತ್ತಲೇ ನಡೆದಿದೆ. ಆದರೆ ಅದರ ವಿಷಯ ಏನು? ಕಾಳಗದಲ್ಲಿ ಪರಾಕ್ರಮ ತೋರಿದ ವಿಜ ಅರಸನೆಂಬ ಯೋಧನಿಗೆ ಹಲ್ಮಿಡಿ, ಮುಳಿವಳ್ಳಿ ಎಂಬ ಎರಡು ಊರುಗಳನ್ನು ಬಾಳ್ಗಚ್ಚಾಗಿ ಕೊಟ್ಟದ್ದು. ಕನ್ನಡದ ಅತ್ಯಂತ ಹಳೆಯ ಬರಹಗಳಲ್ಲೊಂದು ಹೋರಾಡಿದವನಿಗೆ ಸಲ್ಲಬೇಕಾದ್ದು ಸಂದಿತು ಎಂಬ ದಾಖಲೆ. ಮಾವನಿಗೆ ಇದನ್ನು ಹೇಳಿದಾಗ ಅವರು ನಕ್ಕು, “ಹಂಗಾದ್ರೆ ಮೊದಲ್ನೇ ಪಿಂಚಣಿ ಆರ್ಡರು ಅದೇ” ಎಂದರು.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕ್ರಿ.ಶ. 949-50ರ ಆ ಕಲ್ಲು ಕಾಳಿ ಎಂಬ ಬೇಟೆನಾಯಿಯದು. ಕಾಡುಹಂದಿಯ ಜೊತೆ ಹೋರಾಡಿ ಎರಡೂ ಸತ್ತವು. ನಾಯಿಯ ಒಡೆಯ ಮಣಲೆರ ಕಲ್ಲು ನಿಲ್ಲಿಸಿದ, ಅದರ ಪೂಜೆಗೆ ಭೂಮಿಯನ್ನೂ ಬಿಡಿಸಿದ. ಕಲ್ಲು ನಿಲ್ಲಿಸಿದರೆ ಅದರ ಖರ್ಚಿಗೊಂದು ದಾರಿ ಮಾಡಬೇಕು ಎಂಬುದು ಆ ಕಾಲಕ್ಕೆ ತೀರಾ ಸಹಜವಾದ ವಿಚಾರ. ನಾಯಿಗೂ ಅದು ಅನ್ವಯಿಸಿತು.

ಕೊಟ್ಟದ್ದನ್ನು ಕಸಿಯುವವರು ಆಗಲೂ ಇದ್ದಿರಬೇಕು. ಅದಕ್ಕೇ ದಾನಶಾಸನಗಳ ಕೊನೆಗೆ ಶಾಪ ಬರುತ್ತದೆ: ಈ ಭೂಮಿಗೆ ಕೈ ಹಾಕಿದವನಿಗೆ ವಾರಣಾಸಿಯಲ್ಲಿ ಕಪಿಲೆ ಹಸುವನ್ನು ಕೊಂದ ಪಾಪ. ನಾವು ಇದನ್ನು ಧಾರ್ಮಿಕ ನಂಬಿಕೆ ಎಂದು ಟಿಪ್ಪಣಿ ಹಾಕಿ ಮುಂದೆ ಹೋಗುತ್ತೇವೆ. ನನಗೀಗ ಅದು ಕೋರ್ಟು ಇಲ್ಲದ ಕಾಲದ ಜಾರಿ ವ್ಯವಸ್ಥೆಯಂತೆ ಕಾಣುತ್ತದೆ. ಇಂದು ಪಿಂಚಣಿಯ ತಕರಾರಿಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಅದು 2009ರಲ್ಲಿ ಶುರುವಾಯಿತು. ಅದಕ್ಕೆ ಮೊದಲು ಇಂಥ ತಕರಾರು ಹೊತ್ತವರು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಿತ್ತು.

*

ಇಷ್ಟು ಹೇಳಿ ಹಳೆಯ ಕಾಲವನ್ನು ಹೊಗಳಿ ಮುಗಿಸಿದರೆ ಅರ್ಧ ಸತ್ಯವಾಗುತ್ತದೆ. ಅರಮನೆಯ ಅಂಗಳದಲ್ಲಿ ವೀರಗಲ್ಲುಗಳ ಪಕ್ಕದಲ್ಲೇ ಮಾಸ್ತಿಗಲ್ಲುಗಳಿವೆ. ಕಂಬದಿಂದ ಹೊರಟ ಒಂದು ತೋಳು, ಮೇಲೆತ್ತಿದ ಅಂಗೈ, ಮುಂಗೈ ತುಂಬ ಬಳೆ. ಗಂಡನ ಚಿತೆಯೇರಿದವಳ ಗುರುತು ಅದು. ಬಳೆ ಒಡೆಯಲಿಲ್ಲ, ಅವಳು ಮುತ್ತೈದೆಯಾಗಿಯೇ ಹೋದಳು ಎಂದು ಆ ತೋಳು ಹೇಳುತ್ತದೆ. ಹೆಗ್ಗಡದೇವನಕೋಟೆ ಕಡೆಯ ಬೆಳತೂರಿನಲ್ಲಿ 1057ರ ಶಾಸನವೊಂದಿದೆ. ಗಂಡ ಸತ್ತ ಸುದ್ದಿ ಕೇಳಿ, ಹಿರಿಯರು ತಡೆದರೂ ಕೇಳದೆ ಬೆಂಕಿಗಿಳಿದ ದೇಕಬ್ಬೆಯ ಕತೆಯನ್ನು ಅದು ವಿವರವಾಗಿ ಹೇಳುತ್ತದೆ. ಅವಳ ಹೆಸರು ಸಾವಿರ ವರ್ಷ ಉಳಿಯಿತು.

ಬೆಂಕಿಗಿಳಿಯದವರ ಹೆಸರು? ಗಂಡ ತುರುಗೊಳ್‌ನಲ್ಲಿ ಸತ್ತ ಮೇಲೂ ಬೆಳಗ್ಗೆ ಎದ್ದು ಹಟ್ಟಿ ಗುಡಿಸಿದವಳು, ಕಲ್ನಾಡಿನ ಗದ್ದೆಯಲ್ಲಿ ಸಸಿ ನೆಟ್ಟವಳು, ಮಕ್ಕಳನ್ನು ದೊಡ್ಡದು ಮಾಡಿದವಳು? ಕಲ್ಲು ನಿಲ್ಲಿಸಿದವರೆಂದು ಮಗನೋ ತಮ್ಮನೋ, ಕೆಲವೊಮ್ಮೆ ಹೆಂಡತಿಯೋ ಶಾಸನದಲ್ಲಿ ಬರುವುದುಂಟು. ಆದರೆ ಬದುಕಿ ಉಳಿದದ್ದಕ್ಕಾಗಿ ಯಾರಿಗೂ ಕಲ್ಲು ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ಸತ್ತರೆ ಕಲ್ಲು, ಉಳಿದರೆ ಹೊಲ. ಹೊಲ ಎಷ್ಟು ದೊಡ್ಡದಾದರೂ ಅದರ ಮೇಲೆ ಹೆಸರು ಕೆತ್ತುವುದಿಲ್ಲ.

ಈ ಲೆಕ್ಕದ ನೆರಳು ಮೊನ್ನೆ ಮೊನ್ನೆಯವರೆಗೂ ಇತ್ತು. ಶೌರ್ಯ ಪ್ರಶಸ್ತಿ ಪಡೆದ ಸೈನಿಕ ಸತ್ತ ಮೇಲೆ ಅವನ ಹೆಂಡತಿಗೆ ಬರುವ ಭತ್ಯೆ, ಅವಳು ಮರುಮದುವೆಯಾದರೆ ನಿಲ್ಲುತ್ತಿತ್ತು. ಗಂಡನ ಅಣ್ಣ ಅಥವಾ ತಮ್ಮನನ್ನು ಮದುವೆಯಾದರೆ ಮಾತ್ರ ಮುಂದುವರಿಯುತ್ತಿತ್ತು. ಆ ಷರತ್ತನ್ನು ಕೇಂದ್ರ ಸರ್ಕಾರ ತೆಗೆದದ್ದು 2017ರ ನವೆಂಬರಿನಲ್ಲಿ.

*

ನಮ್ಮ ಸೀಮೆಯ ಹುಡುಗರು ದೂರದ ಯುದ್ಧಗಳಿಗೆ ಹೋಗತೊಡಗಿದ ಮೇಲೆ ಊರಿಗೂ ಸಾವಿಗೂ ನಡುವಿನ ಅಂತರ ಹೆಚ್ಚಿತು. ಮೈಸೂರು ಲ್ಯಾನ್ಸರ್ಸ್ 1914ರಲ್ಲಿ ಈಜಿಪ್ಟಿಗೆ ಹಡಗು ಹತ್ತಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಅಶ್ವದಳದ ಜೊತೆ ಸೇರಿ ಹೈಫಾ ನಗರವನ್ನು ಗೆದ್ದಿತು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಬೆಂಗಳೂರಿನ ಜೆ.ಸಿ. ನಗರದ ಕಡೆ ಆ ಪಡೆಯ ಸ್ಮಾರಕವಿದೆ. ಸ್ವಾತಂತ್ರ್ಯಾನಂತರ ಸಂಸ್ಥಾನದ ಅಶ್ವದಳ 61ನೇ ಕ್ಯಾವಲ್ರಿಗೆ, ಪದಾತಿದಳ ಮದ್ರಾಸ್ ರೆಜಿಮೆಂಟಿಗೆ ಸೇರಿದವು. ಸೊರಬದ ತುರುಗೊಳ್‌ನಲ್ಲಿ ಸತ್ತವನನ್ನು ಸಾಯುವಾಗ ಊರೇ ಕಂಡಿತ್ತು. ಹೈಫಾದಲ್ಲೋ ಕಾರ್ಗಿಲ್ಲಿನಲ್ಲೋ ಸತ್ತವನ ಸುದ್ದಿ ಕಾಗದದಲ್ಲಿ ಬರುತ್ತದೆ. ಅವನ ಮನೆಯವರಿಗೆ ಸಲ್ಲಬೇಕಾದ್ದೂ ಕಾಗದದಲ್ಲೇ ಬರಬೇಕು. ಊರಿಗೂ ಕಾಗದಕ್ಕೂ ನಡುವೆ ಯಾರಾದರೂ ನಿಲ್ಲಲೇಬೇಕಾಯಿತು. 1919ರಲ್ಲಿ ಬ್ರಿಟಿಷ್ ಸರ್ಕಾರ ಇಂಡಿಯನ್ ಸೋಲ್ಜರ್ಸ್ ಬೋರ್ಡ್ ಮಾಡಿತು. ಇಂದಿನ ಕೇಂದ್ರೀಯ ಸೈನಿಕ ಮಂಡಳಿಗೆ ಅದೇ ಮೂಲ. ಜಿಲ್ಲೆಗಳಲ್ಲಿ ಸೈನಿಕ ಕಲ್ಯಾಣ ಕಚೇರಿಗಳು ಬಂದವು. 1949ರಿಂದ ಡಿಸೆಂಬರ್ 7 ಧ್ವಜ ದಿನವಾಯಿತು. ಕರ್ನಾಟಕದ 1969ರ ಭೂಮಂಜೂರಾತಿ ನಿಯಮಗಳು ಸರ್ಕಾರಿ ಭೂಮಿಯಲ್ಲಿ ಸೈನಿಕರಿಗೂ ಮಾಜಿ ಸೈನಿಕರಿಗೂ ಒಂದು ಪಾಲನ್ನು ಮೀಸಲಿಟ್ಟವು. ಕಲ್ನಾಡಿನ ನೆನಪು ಕಾನೂನಿನ ಭಾಷೆಯಲ್ಲಿ ಹಿಂತಿರುಗಿತು ಎನ್ನಬಹುದು.

ಕಲ್ಲೂ ಹಿಂತಿರುಗಿದೆ. ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದ ಉದ್ಯಾನದಲ್ಲಿ ಸುಮಾರು 75 ಅಡಿ ಎತ್ತರದ ಏಕಶಿಲೆಯನ್ನು ನಿಲ್ಲಿಸಿ ಅದಕ್ಕೆ ವೀರಗಲ್ಲು ಎಂದೇ ಹೆಸರಿಟ್ಟಿದ್ದಾರೆ. ಹೆಸರಿಟ್ಟವರಿಗೆ ನನ್ನ ವಂದನೆ. ಆದರೆ ನಮ್ಮ ಹಳ್ಳಿಗಳ ವೀರಗಲ್ಲು ಆಳೆತ್ತರ ದಾಟುವುದು ಅಪರೂಪ. ಅದರ ಅಳತೆ ಗೊತ್ತಾಗುತ್ತಿದ್ದುದು ಅದಕ್ಕೆ ಅಂಟಿಕೊಂಡಿದ್ದ ಹೊಲದಿಂದ. ಉದ್ಯಾನಕ್ಕೆ ಬಂದಾಗ ಕಲ್ಲು ಹೊಲದಿಂದ ಬೇರೆಯಾಗುತ್ತದೆ. ಶಿವಪ್ಪನಾಯಕನ ಅಂಗಳದ ಕಲ್ಲುಗಳಿಗೂ ಆದದ್ದು ಅದೇ. ಯಾವ ಊರಿನ ಯಾವ ಗದ್ದೆಯ ಬದಿಯಲ್ಲಿ ನಿಂತಿತ್ತು ಎಂಬುದು ತಪ್ಪಿದರೆ ಕಲ್ಲಿನ ಅರ್ಧ ಶಾಸನ ಅಳಿಸಿದಂತೆಯೇ.

*

ಹೊಲದ ಕಡೆಯ ಅರ್ಧ ಈಗ ಎಲ್ಲಿದೆ ಎಂದು ಕೇಳಿದರೆ ನಾನು ಮಾವನ ಭಾನುವಾರಗಳನ್ನು ತೋರಿಸುತ್ತೇನೆ.

ಸಿಪಾಯಿಯಾಗಿ ಸೇರಿದವನು ಸಾಮಾನ್ಯವಾಗಿ ನಲವತ್ತರ ಒಳಗೇ ನಿವೃತ್ತನಾಗಿ ಊರಿಗೆ ಬರುತ್ತಾನೆ. ಇನ್ನೊಂದು ನೌಕರಿ ಬೇಕೇ ಬೇಕು. 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಭದ್ರಾವತಿಯಂಥ ಊರಿನಲ್ಲಿ ಕಾರ್ಖಾನೆಯ ಗೇಟು ಅಂಥದೊಂದು ಆಸರೆ. ಕಾಗದ ಕಾರ್ಖಾನೆ 2015ರಲ್ಲಿ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಆರಂಭದಲ್ಲಿ ಬಂದು ಕಾರ್ಮಿಕರು ಬೀದಿಗಿಳಿದರು. ಗೇಟುಗಳು ಕಡಿಮೆಯಾದಷ್ಟೂ ಪಿಂಚಣಿಯ ಕಾಗದ ಮುಖ್ಯವಾಗುತ್ತದೆ.

ಆ ಕಾಗದದಲ್ಲೂ ಸಾವಿಗೆ ಬಗೆಗಳಿವೆ. ಸೇವೆಗೆ ಸಂಬಂಧವಿಲ್ಲದ ಸಾವಾದರೆ ಸಾಮಾನ್ಯ ಕುಟುಂಬ ಪಿಂಚಣಿ, ಕೊನೆಯ ಸಂಬಳದ ಶೇ. 30. ಸೇವೆಯ ಕಾರಣದಿಂದಲೇ ಆದ ಸಾವಿಗೆ ವಿಶೇಷ ಪಿಂಚಣಿ, ಶೇ. 60. ಯುದ್ಧ ಅಥವಾ ಕಾರ್ಯಾಚರಣೆಯಲ್ಲಿ ಸತ್ತರೆ ಕೊನೆಯ ಸಂಬಳದಷ್ಟೇ ಪೂರ್ತಿ. ತುರುಗೊಳೋ ಊರಳಿವೋ ಎಂದು ಅಂದು ಊರು ತೀರ್ಮಾನಿಸುತ್ತಿದ್ದ ಹಾಗೆ, ಇಂದು ದೂರದ ಕಚೇರಿಯೊಂದರ ಕಡತದಲ್ಲಿ ಒಂದು ಪದ ಬೀಳುತ್ತದೆ. ಆ ಪದದ ಮೇಲೆ ಒಂದು ಮನೆಯ ಅಡುಗೆ, ಮಕ್ಕಳ ಓದು ನಿಂತಿರುತ್ತದೆ. 2022ರಲ್ಲಿ ಬಂದ ಅಗ್ನಿಪಥದಲ್ಲಿ ಸೇವೆ ನಾಲ್ಕೇ ವರ್ಷ. ನಾಲ್ವರಲ್ಲಿ ಒಬ್ಬರನ್ನು ಮಾತ್ರ ಮುಂದುವರಿಸಿಕೊಳ್ಳಬಹುದು. ಉಳಿದವರಿಗೆ ಒಂದು ಗಂಟು ಹಣವುಂಟು, ಪಿಂಚಣಿಯಿಲ್ಲ. ಇಪ್ಪತ್ತು ವರ್ಷಗಳ ಮೇಲೆ ಸೈನಿಕ ಪಾರ್ಕಿನ ಸಭೆಗೆ ಬರುವವರು ಯಾರು, ಅವರು ಯಾವ ಕಾಗದ ಹಿಡಿದು ಬರುತ್ತಾರೆ ಎಂಬುದು ಇತಿಹಾಸದ ವಿದ್ಯಾರ್ಥಿಯಾಗಿ ನನ್ನನ್ನು ಕಾಡುವ ಪ್ರಶ್ನೆ.

ಕಳೆದ ನವೆಂಬರಿನಲ್ಲಿ ಮಾವ ನನ್ನನ್ನು ಸಂಘದ ಕೋಣೆಗೆ ಕರೆದರು. ನವೆಂಬರ್ ಎಂದರೆ ಪಿಂಚಣಿದಾರರು ತಾವು ಬದುಕಿದ್ದೇವೆಂದು ರುಜುವಾತು ಕೊಡುವ ತಿಂಗಳು. ಬೆಂಚಿನ ಮೇಲೆ ಶಿಕಾರಿಪುರದ ಕಡೆಯಿಂದ ಬಂದು ಭದ್ರಾವತಿಯಲ್ಲಿ ನೆಲೆಸಿದ ಒಬ್ಬ ಅಜ್ಜಿ ಕುಳಿತಿದ್ದರು. ಗಂಡ ಸೈನ್ಯದಲ್ಲಿ ಡ್ರೈವರ್ ಆಗಿದ್ದು, ನಿವೃತ್ತಿಯಾದ ಮೇಲೆ ಕಾಯಿಲೆಯಿಂದ ತೀರಿಕೊಂಡವರು. ಸೈನ್ಯದ ದಾಖಲೆಯಲ್ಲಿ ಅಜ್ಜಿಯ ಹೆಸರು ‘ಅವ್ವ’ ಎಂದು ಮುಗಿಯುತ್ತದೆ, ಆಧಾರ್ ಕಾರ್ಡಿನಲ್ಲಿ ‘ಅಮ್ಮ’ ಎಂದು. ಎರಡೂ ಒಬ್ಬರೇ ಎಂದು ಬಾಂಡ್ ಪೇಪರಿನ ಮೇಲೆ ಬರೆದು ನೋಟರಿ ಮಾಡಿಸಬೇಕು. “ನೀನು ಹಳೇ ಹೆಸರು ಓದೋಳಲ್ವಾ, ಬರಿ” ಎಂದರು ಮಾವ.

ಒಂದೇ ಊರಿನ ಹೆಸರು ಮೂರು ಶಾಸನಗಳಲ್ಲಿ ಮೂರು ಬಗೆಯಾಗಿ ಬಂದಾಗ, ಮೂರೂ ಒಂದೇ ಊರು ಎಂದು ವಾದಿಸಿ ನಾನು ಲೇಖನ ಬರೆದಿದ್ದೇನೆ. ಅದನ್ನು ಎಷ್ಟು ಜನ ಓದಿದರೋ ಕಾಣೆ. ಅಂದು ಬರೆದ ಅರ್ಧ ಪುಟವನ್ನು ಮಾತ್ರ ಮಾವ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. ಅಜ್ಜಿ ಬೆರಳಚ್ಚಿನ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ಕೆಲಸ ಮಾಡಿ ಸವೆದ ಬೆರಳನ್ನು ಅದು ಮೊದಲ ಎರಡು ಸಲ ಒಪ್ಪಲಿಲ್ಲ. ಸೆರಗಿನಲ್ಲಿ ಒರೆಸಿಕೊಂಡು ಮೂರನೆಯ ಸಲ ಒತ್ತಿದಾಗ ಒಪ್ಪಿತು.

ಟೀ ಕುಡಿಯುವಾಗ ಅಜ್ಜಿ ಕೇಳಿದರು: “ನಮ್ಮೂರ ಹೊಲದಾಗೂ ಒಂದು ವೀರಗಲ್ಲೈತೆ. ಏನು ಬರ್ದಿರ್ತಾರವ್ವ ಅದ್ರಾಗೆ?”

“ಇಂಥೋನು ದನ ಬಿಡಿಸೋಕೆ ಹೋಗಿ ಸತ್ತ, ಇಷ್ಟು ಗದ್ದೆ ಬಿಟ್ರು ಅಂತ ಬರ್ದಿರ್ತಾರೆ ಅಜ್ಜಿ.”

“ಯಾರಿಗೆ ಬಿಟ್ರಂತೆ?”

“ಮನೆಯೋರಿಗೆ.”

“ಹೆಸರಿಲ್ಲೇನು?”

ಇಲ್ಲ ಎಂದೆ. ಅಜ್ಜಿ ಕಾಗದಗಳನ್ನು ಮತ್ತೆ ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಬಿಗಿದರು. ನಮ್ಮ ಸಂಶೋಧನೆ ಇನ್ನು ಮೇಲಾದರೂ ಆ ಪ್ರಶ್ನೆಯಿಂದ ಶುರುವಾಗಬೇಕು ಅನ್ನಿಸಿತು. ನನ್ನ ಪ್ರಬಂಧದಲ್ಲಿ ‘ದತ್ತಿಗಳು’ ಎಂಬ ಅಧ್ಯಾಯ ಕೊನೆಯಲ್ಲಿತ್ತು. ಈಗ ಅದನ್ನು ಮೊದಲಿಗೆ ತಂದಿದ್ದೇನೆ.